ಊರಿನ ಹೆಸರೂ ಯಂತ್ರದ ಮೌನವೂ

ಊರುಗಳಿಗೆ ಹೆಸರು ಬದಲಾಗುವುದು ನಮ್ಮ ನಾಡಿಗೆ ಹೊಸದಲ್ಲ. ಆದರೂ ಬೆಂಗಳೂರಿನಿಂದ ಮೈಸೂರಿನ ದಾರಿ ಹಿಡಿದವನಿಗೆ ಸಿಗುವ ರಾಮನಗರ, ಚನ್ನಪಟ್ಟಣ, ಆ ದಾರಿಯ ಎಡಬಲಕ್ಕಿರುವ ಕನಕಪುರ, ಮಾಗಡಿ—ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಓದಹೊರಟವನು ಕಲ್ಲು ಬೆಟ್ಟಗಳಿಗಿಂತ ಮೊದಲು ಹೆಸರುಗಳನ್ನೇ ಎಡವಬೇಕಾಗುತ್ತದೆ.

ರಾಮನಗರದ ಮಾತನ್ನೇ ತೆಗೆದುಕೊಳ್ಳೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಮೊದಲ ರೆಸಿಡೆಂಟನಾಗಿ ಬಂದವನು ಬ್ಯಾರಿ ಕ್ಲೋಸ್. ಅವನ ಹೆಸರು ಹೊತ್ತು ಊರು ಕ್ಲೋಸ್‌ಪೇಟೆಯಾಯಿತು. ಸ್ವಾತಂತ್ರ್ಯ ಬಂದ ಬಳಿಕ, ರಾಮದೇವರ ಬೆಟ್ಟದ ಮಗ್ಗುಲಿನ ಊರಿಗೆ ಒಪ್ಪುವಂತೆ ರಾಮನಗರವಾಯಿತು. ರೈಲ್ವೆಯವರು ಅದಕ್ಕೊಂದು ಅನುಸ್ವಾರ ಸೇರಿಸಿ ‘ರಾಮನಗರಂ’ ಎಂದು ಬರೆದುಕೊಂಡರು. ಭೂಗರ್ಭಶಾಸ್ತ್ರಜ್ಞರು ಮಾತ್ರ ಹಳೆಯ ಹೆಸರನ್ನು ಬಿಡಲಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯದಾದ ಇಲ್ಲಿನ ಬಂಡೆಗೆ ಲೋಕದ ವಿದ್ವಾಂಸರು ಇಂದಿಗೂ ಹೇಳುವುದು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ. ಇತ್ತ ಕನಕಪುರವು ಹಿಂದೆ ಕಾನಕಾನಹಳ್ಳಿಯಾಗಿತ್ತು. ಇಂಗ್ಲಿಷರ ಬರವಣಿಗೆಯಲ್ಲಿ ಅದು ಕಂಕನ್‌ಹಳ್ಳಿ. ಮಾಗಡಿಯ ಸಾವನದುರ್ಗವನ್ನು 1791ರಲ್ಲಿ ಹಿಡಿದ ಕಾರ್ನ್‌ವಾಲಿಸನ ಕಡೆಯವರು ಅದನ್ನು ‘ಸೇವನ್‌ಡ್ರೂಗ್’ ಎಂದು ಬರೆದರು.

ಈಗ ಇಂದಿನ ವಿದ್ಯಾರ್ಥಿಯೊಬ್ಬನು ಲೂಯಿ ರೈಸರ ಹಳೆಯ ಗ್ಯಾಸೆಟಿಯರನ್ನು ತೆರೆದು, ಕೊನೆಯ ಅಕಾರಾದಿಯಲ್ಲಿ ‘ರಾಮನಗರ’ವನ್ನು ಹುಡುಕುತ್ತಾನೆನ್ನಿ. ಊರಿನ ಸಂಗತಿಯೆಲ್ಲ ಕ್ಲೋಸ್‌ಪೇಟೆಯ ಹೆಸರಿನಲ್ಲಿ ಕುಳಿತಿರುತ್ತದೆ. ‘ಅಯ್ಯಾ, ಹೀಗೆಂಬ ಹೆಸರನ್ನು ನಾನರಿಯೆ, ಬೇರೆ ಹೆಸರಿದ್ದರೆ ಹೇಳು’ ಎಂದು ಪುಸ್ತಕವು ಬಾಯಿ ಬಿಟ್ಟು ಹೇಳುವುದಿಲ್ಲ. ಸುಮ್ಮನಿರುತ್ತದೆ. ಆ ಮೌನವನ್ನು ಹುಡುಗನು ‘ಇಲ್ಲಿ ಹೇಳತಕ್ಕದ್ದೇನೂ ಇರಲಿಲ್ಲ’ ಎಂದು ಓದಿಕೊಂಡರೆ ಒಂದು ಊರಿನ ಚರಿತ್ರೆಯೇ ಅವನ ಪಾಲಿಗೆ ಅಳಿಸಿಹೋಯಿತು. ‘ಇಲ್ಲ’ ಎಂಬುದರಲ್ಲಿ ಎರಡು ಬಗೆ. ವಿಷಯವೇ ಇಲ್ಲವೆಂಬುದು ಒಂದು. ಕೇಳಿದ ಹೆಸರೇ ಪಟ್ಟಿಯಲ್ಲಿಲ್ಲವೆಂಬುದು ಇನ್ನೊಂದು. ಎರಡಕ್ಕೂ ಒಂದೇ ಮೌನ ಉತ್ತರವಾದಲ್ಲಿ ಅನರ್ಥ ಹುಟ್ಟುತ್ತದೆ.

ಇದೇ ಅನರ್ಥವು ಕಂಪ್ಯೂಟರಿನ ಲೋಕದಲ್ಲಿ ಸುಮಾರು ಅರ್ಧ ಶತಮಾನ ಕಾಲ ನೆಲೆಸಿತ್ತು. ಅದಕ್ಕೊಂದು ಭಾಷೆಯಲ್ಲಿ ಮದ್ದು ಕೂಡಿಬಂದದ್ದು 2024ರಲ್ಲಿ. ಆ ಕಥೆ ಯಂತ್ರಜ್ಞರಿಗೆ ಮಾತ್ರ ಸೇರಿದ್ದಲ್ಲವೆಂದು ನನಗೆ ತೋರಿದ್ದರಿಂದ ಅದನ್ನಿಲ್ಲಿ ಹೇಳುತ್ತಿದ್ದೇನೆ.

ಒಂದು ಮೂಲ, ಹಲವು ಪ್ರತಿ

ಮೊದಲು ವಿಷಯದ ಪರಿಚಯ. ಪ್ರೋಗ್ರಾಂ ಎಂಬುದನ್ನು ಮನುಷ್ಯನು ತನಗೆ ತಿಳಿಯುವ ಭಾಷೆಯಲ್ಲಿ ಬರೆಯುತ್ತಾನೆ. ಅದನ್ನು ಯಂತ್ರಕ್ಕೆ ತಿಳಿಯುವ ಅಂಕಿಗಳಾಗಿ ಮಾರ್ಪಡಿಸುವುದು ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಂ. ಬರೆದದ್ದನ್ನು ಮೂಲಪಾಠವೆನ್ನೋಣ, ಮಾರ್ಪಾಡಾಗಿ ಹೊರಬಂದದ್ದನ್ನು ಪ್ರತಿ ಎನ್ನೋಣ. ಯಂತ್ರಗಳು ಒಂದೇ ಬಗೆಯವಲ್ಲ. ಒಂದಕ್ಕೆ ಹಿಡಿಸಿದ ಸಾಲು ಇನ್ನೊಂದಕ್ಕೆ ಹಿಡಿಸದು. ಹಾಗೆಂದು ಯಂತ್ರಕ್ಕೊಂದು ಮೂಲಪಾಠವನ್ನು ಬರೆಯುತ್ತ ಕುಳಿತರೆ ಒಂದರಲ್ಲಿ ತಿದ್ದಿದ್ದನ್ನು ಹತ್ತರಲ್ಲಿ ತಿದ್ದಬೇಕಾದೀತು.

ಇದಕ್ಕೆ ಕಂಡುಕೊಂಡ ಉಪಾಯ ದಿನಪತ್ರಿಕೆಯ ಓದುಗರಿಗೆ ಸುಲಭವಾಗಿ ತಿಳಿಯುವಂಥದು. ಪತ್ರಿಕೆಯ ಒಂದೇ ದಿನದ ಸಂಚಿಕೆ ಜಿಲ್ಲೆಗೊಂದು ಬಗೆಯಾಗಿ ಹೊರಡುತ್ತದೆಯಷ್ಟೆ? ಸುದ್ದಿಯ ನೆತ್ತಿಯ ಮೇಲೆ ‘ರಾಮನಗರಕ್ಕೆ ಹೋಗುವ ಪ್ರತಿಯಾದರೆ ಮಾತ್ರ’ ಎಂದು ಒಂದು ಷರತ್ತು ಬರೆದಿಟ್ಟರೆ ಅಚ್ಚುಕೂಟದವನು ಆ ಪ್ರತಿಯಲ್ಲಿ ಮಾತ್ರ ಅದನ್ನು ಸೇರಿಸಿ, ಉಳಿದವುಗಳಲ್ಲಿ ಬಿಡುತ್ತಾನೆ. ಮೂಲ ಒಂದೇ, ಪ್ರತಿ ಹಲವು. ಪ್ರೋಗ್ರಾಮಿನಲ್ಲಿ ಹೀಗೆ ಮಾಡುವುದಕ್ಕೆ ಷರತ್ತಿನ ಸಂಕಲನವೆನ್ನಬಹುದು. ನೆತ್ತಿಯ ಮೇಲೆ ಬರೆದ ಹೆಸರಿಗೆ ಗುರುತು ಎನ್ನಬಹುದು.

ಈಗ ಯಾರೋ ‘ರಾಮನಗರ’ ಎನ್ನುವ ಬದಲು ‘ರಾಮನಗರಂ’ ಎಂದು ಬರೆದರೆನ್ನಿ. ಅಚ್ಚುಕೂಟದಲ್ಲಿ ಮನುಷ್ಯನಿದ್ದರೆ ನಕ್ಕು ತಿದ್ದಿಕೊಳ್ಳುತ್ತಾನೆ. ಯಂತ್ರಕ್ಕೆ ನಗು ಬಾರದು. ‘ರಾಮನಗರಂ ಎಂಬ ಪ್ರತಿಯನ್ನು ನಾನು ಅಚ್ಚು ಮಾಡುತ್ತಿಲ್ಲ, ಆದ್ದರಿಂದ ಈ ಸುದ್ದಿ ಬೇಡ’ ಎಂದು ಅದನ್ನು ಬದಿಗಿಡುತ್ತದೆ. ಯಾವ ಪ್ರತಿಯಲ್ಲೂ ಆ ಸುದ್ದಿ ಬರುವುದಿಲ್ಲ. ಅಚ್ಚು ಕೆಡಲಿಲ್ಲ, ಕಾಗದ ಹರಿಯಲಿಲ್ಲ, ಎಲ್ಲವೂ ಸರಿಯಾಗಿಯೇ ನಡೆದಂತೆ ಕಾಣುತ್ತದೆ. ಬೇರೆ ತಪ್ಪುಗಳು ಮಣೆ ಮುರಿದಂತೆ ಸದ್ದು ಮಾಡುತ್ತವೆ. ಇದು ಗೆದ್ದಲು ಹಿಡಿದಂತೆ.

ಮೌನ ಹುಟ್ಟಿದ ಬಗೆ

ಷರತ್ತು ಹಾಕುವ ಪದ್ಧತಿ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕಿಲ್‌ರಾಯ್ 1960ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿಯೇ, ಒಂದು ಸಂಕ್ಷಿಪ್ತ ಸಂಜ್ಞೆಯನ್ನು ವಿಸ್ತರಿಸುವಾಗ ಷರತ್ತಿಗನುಸಾರವಾಗಿ ಬೇಕಾದ ಭಾಗವನ್ನು ಮಾತ್ರ ಇಟ್ಟುಕೊಳ್ಳುವ ವಿಚಾರವಿದೆ. ಆದರೆ ಅದನ್ನು ಲೋಕವೆಲ್ಲ ಬಳಸುವಂತೆ ಮಾಡಿದ್ದು ಅದೇ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆ. 1972-73ರ ಸುಮಾರಿಗೆ, ಅಲನ್ ಸ್ನೈಡರ್ ಎಂಬವರ ಒತ್ತಾಯದಿಂದ, ಸಿ ಭಾಷೆಗೆ ಒಂದು ಪೂರ್ವಸಂಸ್ಕಾರಕ ಸೇರಿತು. ಎಂದರೆ ಕಂಪೈಲರ್ ಕಣ್ಣು ಹಾಯಿಸುವ ಮೊದಲೇ ಮೂಲಪಾಠವನ್ನು ಸೋಸಿ ಕೊಡುವ ಸಹಾಯಕ. ಮೊದಲು ಅದಕ್ಕೆ ಬರುತ್ತಿದ್ದುದು ಎರಡೇ ಕೆಲಸ: ಇನ್ನೊಂದು ಕಡತವನ್ನು ತಂದು ಸೇರಿಸುವುದು, ಒಂದು ಹೆಸರಿನ ಜಾಗದಲ್ಲಿ ಇನ್ನೊಂದು ಮಾತನ್ನು ಇಡುವುದು. ಬಳಿಕ ಮೈಕ್ ಲೆಸ್ಕ್, ಅನಂತರ ಜಾನ್ ರೈಸರ್ ಅದನ್ನು ಬೆಳೆಸಿದರು; ಆಗ ಷರತ್ತಿನ ಸಂಕಲನವೂ ಬಂದಿತು.

ಈ ಸಹಾಯಕನಿಗೆ ಕೇಳಲು ಬರುತ್ತಿದ್ದ ಮುಖ್ಯ ಪ್ರಶ್ನೆ ‘ಈ ಹೆಸರು ಇದೆಯೇ?’ ಎಂಬುದು. ಇದ್ದರೆ ಸಾಲುಗಳು ಉಳಿಯುತ್ತವೆ, ಇಲ್ಲದಿದ್ದರೆ ಹೋಗುತ್ತವೆ. ನೋಡಲು ಎಷ್ಟು ಸರಳ! ಆದರೆ ಈ ಪ್ರಶ್ನೆಯ ಹೊಟ್ಟೆಯಲ್ಲಿಯೇ ದೋಷವಿದೆ. ‘ಇಲ್ಲ’ ಎಂಬುದು ಇಲ್ಲಿ ಸಹಜವಾದ, ನ್ಯಾಯವಾದ ಉತ್ತರ. ಈ ಯಂತ್ರವು ಆ ಬಗೆಯದಲ್ಲವಾದರೆ ಅದರ ಗುರುತು ಇರುವುದಿಲ್ಲ; ಇರಬಾರದು ಕೂಡ. ಹೀಗಿರಲಾಗಿ, ಅಕ್ಷರ ತಪ್ಪಿದ್ದರಿಂದ ಬಂದ ‘ಇಲ್ಲ’ವನ್ನು ನಿಜವಾದ ‘ಇಲ್ಲ’ದಿಂದ ಬೇರ್ಪಡಿಸುವುದು ಹೇಗೆ? 1989ರಲ್ಲಿ ಸಿ ಭಾಷೆಗೆ ಅಧಿಕೃತ ನಿಯಮಾವಳಿ ಬಂದಾಗಲೂ, ಷರತ್ತಿನ ಲೆಕ್ಕದಲ್ಲಿ ಅರಿಯದ ಹೆಸರು ಬಂದರೆ ಅದನ್ನು ಸೊನ್ನೆಯೆಂದು ಎಣಿಸತಕ್ಕದ್ದೆಂದು ವಿಧಿಸಿದರು. ಅರಿಯದವನಿಗೆ ಸೊನ್ನೆ, ದೂರು ಇಲ್ಲ, ವಿಚಾರಣೆ ಇಲ್ಲ.

ಆ ಕಾಲದವರು ಅವಿವೇಕಿಗಳಾಗಿದ್ದರೆಂದು ಇದರಿಂದ ತಿಳಿಯಬಾರದು. ಹೆಸರುಗಳು ಅಂದು ನಾಲ್ಕು ದಿಕ್ಕಿನಿಂದ ಬರುತ್ತಿದ್ದವು: ಕೆಲವನ್ನು ಕಂಪೈಲರೇ ತರುತ್ತಿತ್ತು, ಕೆಲವನ್ನು ಯಂತ್ರದ ಜೊತೆಗೆ ಬಂದ ಕಡತಗಳು ತರುತ್ತಿದ್ದವು, ಕೆಲವನ್ನು ಕೆಲಸಗಾರನು ಆಜ್ಞೆ ಕೊಡುವಾಗ ತಾನೇ ಸೇರಿಸುತ್ತಿದ್ದನು. ಇಡೀ ಪಟ್ಟಿ ಯಾರ ಕೈಯಲ್ಲಿಯೂ ಇರಲಿಲ್ಲ. ಪಟ್ಟಿಯೇ ಇಲ್ಲದ ಮೇಲೆ ಹೊರಗಿನವನಾರು, ಒಳಗಿನವನಾರು? ಮೌನವೇ ಅಂದಿನ ಮಟ್ಟಿಗೆ ಸೌಜನ್ಯವಾಗಿತ್ತು. ಅದರ ಬಲದಿಂದಲೇ ಯುನಿಕ್ಸ್ ವ್ಯವಸ್ಥೆ ಒಂದು ಯಂತ್ರದಿಂದ ಇನ್ನೊಂದಕ್ಕೆ ವಲಸೆ ಹೋಗುವುದಕ್ಕೂ ಅನುಕೂಲವಾಯಿತು.

ಕಾಲಕ್ರಮದಲ್ಲಿ ಸೌಜನ್ಯದ ಬೆಲೆ ತಿಳಿಯಿತು. 1992ರಲ್ಲಿ ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕೋಲಿಯರ್ ಎಂಬಿಬ್ಬರು, ಇಂಥ ಷರತ್ತುಗಳನ್ನು ಕಂಡಕಂಡಲ್ಲಿ ಚೆಲ್ಲುವುದೇ ಹಾನಿಕರವೆಂದು ಸ್ವಾನುಭವದಿಂದ ಪ್ರಬಂಧ ಬರೆದರು. ಜಾವಾ ಭಾಷೆಯನ್ನು ಕಟ್ಟಿದವರು ಪೂರ್ವಸಂಸ್ಕಾರಕವನ್ನೇ ಹೊರಗಿಟ್ಟರು. ಸಿ ಭಾಷೆಯ ಕಂಪೈಲರುಗಳಲ್ಲೊಂದಾದ ಜಿಸಿಸಿ, ಸೊನ್ನೆಯಾಗುವ ಹೆಸರನ್ನು ಕಂಡರೆ ಎಚ್ಚರಿಸುವ ಸೌಕರ್ಯವನ್ನು ಬೇಕಾದವರಿಗೆ ಒದಗಿಸಿತು. ಆದರೆ ‘ಇದೆಯೇ?’ ಎಂಬ ಮೂಲ ಪ್ರಶ್ನೆಗೆ ಅದೂ ಮದ್ದಾಗಲಿಲ್ಲ.

ಹತ್ತು ಸಾವಿರ ಗುರುತುಗಳು

ದೋಷದ ವ್ಯಾಪ್ತಿಯನ್ನು ಎಣಿಸಿ ತೋರಿಸಿದವರು ಜರ್ಮನಿಯ ಎರ್ಲಾಂಗನ್ ವಿಶ್ವವಿದ್ಯಾಲಯದವರು. ಲಿನಕ್ಸ್ ಎಂಬ ವ್ಯವಸ್ಥೆಯ ಹೆಸರನ್ನು ಓದುಗರು ಕೇಳಿರಬಹುದು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ ಆರಂಭಿಸಿದ್ದು. ಇಂದು ಕೈಯಲ್ಲಿ ಹಿಡಿಯುವ ಫೋನಿನಿಂದ ಹಿಡಿದು ದೊಡ್ಡ ದೊಡ್ಡ ಕಚೇರಿಗಳ ಯಂತ್ರಗಳವರೆಗೆ ಅದರ ಆಡಳಿತ. ಅದು ಸಿ ಭಾಷೆಯಲ್ಲಿದೆ. ಅದರಲ್ಲಿ ಬೇಕೆಂದರೆ ಇಟ್ಟು, ಬೇಡವೆಂದರೆ ಬಿಡಬಹುದಾದ ಅಂಶಗಳು 2011ರ ವೇಳೆಗೇ 10,000ಕ್ಕೆ ಮೀರಿದ್ದವು. ರೈನ್‌ಹಾರ್ಡ್ ಟಾರ್ಟ್ಲರ್ ಮತ್ತು ಸಂಗಡಿಗರು ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ, ಗುರುತುಗಳ ಪಟ್ಟಿಯನ್ನೂ ಮೂಲಪಾಠದ ಷರತ್ತುಗಳನ್ನೂ ಯಂತ್ರದಿಂದಲೇ ತಾಳೆ ನೋಡಿಸಿದರು. ಸಿಕ್ಕ ದೋಷಗಳು 1,776. ಎಂದೂ ಸೇರದ ಸಾಲುಗಳು, ಷರತ್ತೆಂದು ಹೆಸರಿಗೆ ಇದ್ದು ಸದಾ ಸೇರುವ ಸಾಲುಗಳು, ನಿಜವಾದ ತಪ್ಪುಗಳು—ಎಲ್ಲವೂ ಅದರಲ್ಲಿದ್ದವು. ಅವರು ಕಳುಹಿಸಿದ 123 ತಿದ್ದುಪಡಿಗಳು 364 ದೋಷಗಳನ್ನು ಸರಿಪಡಿಸುವಂಥವು.

ಅವುಗಳಲ್ಲೊಂದು ನಮ್ಮ ಕಥೆಗೆ ಕನ್ನಡಿಯಂತಿದೆ. ಪಟ್ಟಿಯಲ್ಲಿದ್ದ ಹೆಸರು ‘ಹಾಟ್‌ಪ್ಲಗ್ ಸಿಪಿಯು’. ಬರೆದವರು ‘ಸಿಪಿಯು ಹಾಟ್‌ಪ್ಲಗ್’ ಎಂದು ಪದಗಳನ್ನು ಹಿಂದುಮುಂದಾಗಿಸಿ ಬರೆದಿದ್ದರು. ಓದುವ ಮನುಷ್ಯನಿಗೆ ಎರಡೂ ಒಂದೇ; ಕೋದಂಡರಾಮ, ರಾಮಕೋದಂಡ ಎಂದಂತೆ. ಯಂತ್ರಕ್ಕೆ ಎರಡನೆಯದು ಹುಟ್ಟದ ಹೆಸರು. ಆದ್ದರಿಂದ ಆ ಷರತ್ತಿನೊಳಗಿದ್ದ ಸಾಲುಗಳು ಕಡತದಲ್ಲಿ ಕಣ್ಣಿಗೆ ಕಾಣುತ್ತಿದ್ದವು, ಪ್ರತಿಯಲ್ಲಿ ಸೇರುತ್ತಿರಲಿಲ್ಲ. ಲಿನಕ್ಸಿನವರಲ್ಲಿ ಪಟ್ಟಿ ಇರಲಿಲ್ಲವೆಂದಲ್ಲ, ಇತ್ತು. ಪಟ್ಟಿ ಒಂದು ಕಪಾಟಿನಲ್ಲಿ, ಪಾಠ ಇನ್ನೊಂದು ಕಪಾಟಿನಲ್ಲಿ. ಕಂಪೈಲರಿಗೆ ಎರಡನ್ನೂ ಒಟ್ಟಿಗೆ ನೋಡುವ ಕೆಲಸವನ್ನು ಯಾರೂ ವಹಿಸಿರಲಿಲ್ಲ.

ಮೂರನೆಯ ಉತ್ತರ

ಆ ಕೆಲಸವನ್ನು ಕಂಪೈಲರಿಗೇ ವಹಿಸಿದ್ದು ರಸ್ಟ್ ಭಾಷೆ. 2006ರ ಸುಮಾರಿಗೆ ಗ್ರೇಡನ್ ಹೋರ್ ಎಂಬವರು ಸ್ವಂತ ಹವ್ಯಾಸವಾಗಿ ತೊಡಗಿದ ಈ ಭಾಷೆಗೆ 2009ರಲ್ಲಿ ಮೊಜಿಲ್ಲಾ ಸಂಸ್ಥೆ ಆಶ್ರಯ ಕೊಟ್ಟಿತು; 2015ರ ಮೇ 15ರಂದು ಮೊದಲ ಸ್ಥಿರ ಆವೃತ್ತಿ ಹೊರಬಂದಿತು. ಚಿಕ್ಕ ತಪ್ಪನ್ನೂ ಮುಂಚಿತವಾಗಿ ಹಿಡಿದು ನಿಲ್ಲಿಸುವುದು ಇದರ ಹೆಮ್ಮೆ. ಹಾಗಿದ್ದೂ ಷರತ್ತಿನ ಗುರುತಿನ ವಿಷಯದಲ್ಲಿ ಮಾತ್ರ ಇದೂ ಸಿ ಭಾಷೆಯ ಹಾದಿಯನ್ನೇ ಹಿಡಿದಿತ್ತು. ‘ವಿಂಡೋಸ್’ ಎಂಬುದರ ಎರಡಕ್ಷರ ಅದಲುಬದಲಾದರೆ ಷರತ್ತು ಸುಳ್ಳಾಗುತ್ತಿತ್ತು. ಸಾಲುಗಳು ಸದ್ದಿಲ್ಲದೆ ಬಿದ್ದುಹೋಗುತ್ತಿದ್ದವು.

ಈ ಲೋಪಕ್ಕೆ ಪರಿಹಾರ ಸೂಚಿಸಿದ್ದು 3013ನೆಯ ಸಂಖ್ಯೆಯ ಸಲಹಾಪತ್ರ. ಷರತ್ತಿನ ಸಂಕಲನವನ್ನು ಸಂಕಲನದ ವೇಳೆಯಲ್ಲೇ ಪರೀಕ್ಷಿಸುವುದೆಂದು ಅದರ ತಲೆಬರಹ. ಅದರ ಸಾರ ಇಷ್ಟೆ: ಯಾವ ಯಾವ ಹೆಸರುಗಳು ಇರಬಹುದೆಂಬುದನ್ನು ಕಂಪೈಲರಿಗೆ ಮೊದಲೇ ತಿಳಿಸಬೇಕು. ಇಲ್ಲಿ ‘ಇರಬಹುದು’ ಎಂಬ ಮಾತನ್ನು ಗಮನಿಸಬೇಕು. ಈ ಸಲ ಯಾವ ಗುರುತು ಹಾಕಿದೆಯೆಂಬುದು ಒಂದು ಪಟ್ಟಿ; ಎಂದಾದರೂ ಹಾಕಬಹುದಾದ ಗುರುತು ಯಾವುವೆಂಬುದು ಇನ್ನೊಂದು ಪಟ್ಟಿ. ಎರಡನೆಯ ಪಟ್ಟಿ ಕೈಗೆ ಬಂದೊಡನೆ ಕಂಪೈಲರಿಗೆ ಮೂರು ಉತ್ತರ ಸಾಧ್ಯವಾಗುತ್ತವೆ: ‘ಇದೆ’, ‘ಇಂದು ಇಲ್ಲ’, ‘ಹೀಗೆಂಬುದು ಎಂದೂ ಇಲ್ಲ’. ಮೂರನೆಯದೇ ಈ ಐವತ್ತು ವರ್ಷ ಕಾಣೆಯಾಗಿದ್ದ ಉತ್ತರ.

ಸಲಹೆ ಆಚರಣೆಗೆ ಬರಲು ಹಲವು ವರ್ಷ ಹಿಡಿಯಿತು. 2024ರ ಜುಲೈ 25ರಂದು ಹೊರಬಂದ 1.80ನೆಯ ಆವೃತ್ತಿಯಿಂದ ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ಯಂತ್ರದ ಜಾತಿ, ಅದರ ವ್ಯವಸ್ಥೆಯ ಹೆಸರು ಮೊದಲಾದ ಸರ್ವಸಾಧಾರಣ ಗುರುತುಗಳನ್ನು ಕಂಪೈಲರ್ ತಾನೇ ಬಲ್ಲದು. ಪ್ರೋಗ್ರಾಮಿನ ಐಚ್ಛಿಕ ಅಂಶಗಳ ಹೆಸರುಗಳನ್ನು, ಕಾರ್ಗೋ ಎಂಬ ಕಾರುಭಾರಿಯು ಅದರ ವಿವರಪತ್ರದಿಂದ ಓದಿ ತಿಳಿಸುತ್ತದೆ. ಉಳಿದ ಸ್ವಂತ ಗುರುತುಗಳನ್ನು ಬರೆಯುವವನೇ ಘೋಷಿಸಬೇಕು. ಹೆಸರನ್ನಷ್ಟೇ ಅಲ್ಲ, ಹೆಸರಿನ ಮುಂದೆ ಬರುವ ಬೆಲೆಯನ್ನೂ ಅದು ನೋಡುತ್ತದೆ: ‘ವ್ಯವಸ್ಥೆ’ ಎಂಬುದು ಸರಿಯಾಗಿದ್ದು ‘ಲಿನಕ್ಸ್’ ಎಂಬುದು ತಪ್ಪಾಗಿದ್ದರೂ ಹಿಡಿಯುತ್ತದೆ. ಹಿಡಿದಾಗ ಬೈಯುವುದಿಲ್ಲ, ಹತ್ತಿರದ ಹೆಸರೊಂದಿದ್ದರೆ ‘ಇದನ್ನು ಬರೆಯಬೇಕೆಂದಿದ್ದಿರಾ?’ ಎಂದು ವಿಚಾರಿಸುತ್ತದೆ. ಕೆಲಸವನ್ನೂ ನಿಲ್ಲಿಸುವುದಿಲ್ಲ, ಎಚ್ಚರಿಸಿ ಮುಂದೆ ಸಾಗುತ್ತದೆ.

ಎಲ್ಲರೂ ಹಾಲು ಕುಡಿದಷ್ಟು ಸಂತೋಷದಿಂದ ಇದನ್ನು ಸ್ವಾಗತಿಸಲಿಲ್ಲ. ತಾವೇ ಗುರುತುಗಳನ್ನು ಸೃಷ್ಟಿಸಿಕೊಂಡು, ಎಲ್ಲಿಯೂ ಘೋಷಿಸದೆ ನಡೆಸಿಕೊಂಡು ಬಂದಿದ್ದವರ ಸರಿಯಾದ ಪಾಠಗಳ ಮೇಲೂ ಎಚ್ಚರಿಕೆಗಳ ಮಳೆ ಸುರಿಯಿತು. ಅವರ ಗೊಣಗಾಟದಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಪಟ್ಟಿ ಇಡುವುದೆಂದರೆ ದುಡಿಮೆ. ಅದೂ ತಪ್ಪು ಮಾಡದವನ ಮೇಲೆ ಬೀಳುವ ದುಡಿಮೆ. ಗುರುತುಗಳನ್ನು ಘೋಷಿಸುವ ದಾರಿಯನ್ನು ಆಮೇಲೆ ಇನ್ನಷ್ಟು ಸುಲಭ ಮಾಡಿಕೊಟ್ಟರು.

ಮೊಟ್ಟೆಯಲ್ಲೇ ನೋಡುವುದು

ಇಷ್ಟು ದುಡಿಮೆ ಏತಕ್ಕೆ, ತಪ್ಪು ಕಂಡಾಗ ತಿದ್ದಿದರಾಯಿತಲ್ಲವೇ ಎಂದು ಕೇಳುವವರಿಗೆ ರಾಮನಗರ ಸೀಮೆಯ ರೇಷ್ಮೆ ಸಾಕುವ ಒಕ್ಕಲಿಗನೇ ಉತ್ತರ ಹೇಳಬಲ್ಲ. ಹುಳುವಿಗೆ ಪೆಬ್ರಿನ್ ಎಂಬ ರೋಗ ತಾಯಿಯಿಂದ ಮೊಟ್ಟೆಗೆ ಇಳಿದುಬರುತ್ತದೆ. ಮೊಟ್ಟೆಯನ್ನು ಬರಿಗಣ್ಣಿನಿಂದ ನೋಡಿದರೆ ಏನೂ ತಿಳಿಯದು. ಹುಳು ಒಡೆದು, ಸೊಪ್ಪು ತಿಂದು, ಜ್ವರದ ಮೇಲೆ ಜ್ವರ ದಾಟಿ, ಇನ್ನೇನು ಚಂದ್ರಿಕೆಗೆ ಏರಿಸಬೇಕೆನ್ನುವಾಗ ಬೆಳೆ ಕೈಕೊಡುತ್ತದೆ. ಅಷ್ಟು ಹೊತ್ತಿಗೆ ಹಿಪ್ಪುನೇರಳೆ ತೋಟ ಬರಿದಾಗಿರುತ್ತದೆ, ಮನೆಮಂದಿಯ ನಿದ್ದೆ ಹೋಗಿರುತ್ತದೆ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆ ಇಂಥಲ್ಲಿಯೇ ಹುಟ್ಟಿರಬೇಕು.

1865ರಿಂದ ಕೆಲವು ವರ್ಷ ಫ್ರಾನ್ಸಿನ ಆಲೆ ಪ್ರಾಂತದಲ್ಲಿ ಈ ರೋಗದ ಬೆನ್ನು ಹತ್ತಿದ ಲೂಯಿ ಪಾಸ್ಟರ್ ತೋರಿಸಿದ ದಾರಿ, ತಾಯಿ ಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನು ಸುಟ್ಟುಬಿಡುವುದು. ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಚಿಟ್ಟೆಯನ್ನು ನೋಡುವುದರ ಮೂಲ ಅದೇ. ಬೆಳೆ ಬಂದ ಮೇಲೆ ನೋಡುವುದಲ್ಲ, ಬಿತ್ತನೆಯಲ್ಲೇ ನೋಡುವುದು. ಕಂಪೈಲರ್ ಗುರುತನ್ನು ನೋಡುವುದೂ ಹಾಗೆಯೇ. ಪ್ರೋಗ್ರಾಂ ಯಾರ ಮನೆಗೂ ಹೋಗುವ ಮುನ್ನ, ಇನ್ನೂ ಮೊಟ್ಟೆಯಾಗಿರುವಾಗ. ಬಿದ್ದುಹೋದ ಸಾಲು ಕೇವಲ ಅಲಂಕಾರದ್ದಾದರೆ ಚಿಂತೆಯಿಲ್ಲ. ಅದು ಬೀಗ ಹಾಕುವ ಸಾಲಾಗಿದ್ದರೆ, ಬೀಗವಿಲ್ಲದ ಬಾಗಿಲೇ ಊರೂರಿಗೂ ಹೋಗುತ್ತದೆ.

ಪಟ್ಟಿಗೂ ಮಿತಿಯುಂಟು

ಆದರೆ ಪಟ್ಟಿಯೊಂದಿದ್ದರೆ ಎಲ್ಲವೂ ಸರಿಹೋಯಿತೆಂದು ತಿಳಿಯುವುದು ಅವಸರ. ಹೆಸರು ಪಟ್ಟಿಯಲ್ಲಿದೆಯೇ ಎಂದು ಯಂತ್ರ ಹೇಳಬಲ್ಲದು; ಅಲ್ಲಿ ಬೇಕಾಗಿದ್ದುದು ಆ ಹೆಸರೇ ಎಂದು ಹೇಳಲಾರದು. ಲಂಡನ್ನಿನ ಶೂಟರ್ಸ್ ಹಿಲ್ ಮೇಲೆ 1784ರಲ್ಲಿ ಕಟ್ಟಿದ ‘ಸೆವರ್ನ್‌ಡ್ರೂಗ್’ ಎಂಬ ಗೋಪುರವಿದೆ. ಹೆಸರು ಕೇಳಿ ನಮ್ಮ ಮಾಗಡಿಯ ಸಾವನದುರ್ಗದ ಸ್ಮಾರಕವೆಂದು ಹಿಗ್ಗುವವರುಂಟು. ಅದು ಕೊಂಕಣದ ಕಡಲ ಕೋಟೆಯಾದ ಸುವರ್ಣದುರ್ಗವನ್ನು 1755ರಲ್ಲಿ ವಿಲಿಯಂ ಜೇಮ್ಸ್ ಹಿಡಿದದ್ದರ ಸ್ಮಾರಕ. ಸೇವನ್‌ಡ್ರೂಗ್, ಸೆವರ್ನ್‌ಡ್ರೂಗ್—ಎರಡೂ ಹೆಸರುಗಳು ನಿಜ, ಎರಡೂ ಪಟ್ಟಿಯಲ್ಲಿ ಇರತಕ್ಕವು. ಒಂದರ ಬದಲು ಇನ್ನೊಂದನ್ನು ಬರೆದರೆ ಯಾವ ಕಂಪೈಲರೂ ಎಚ್ಚರಿಸದು.

ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ನಮ್ಮ ಜಿಲ್ಲೆಯೇ ಇದೆ. ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು 2007ರಲ್ಲಿ ರಾಮನಗರ ಜಿಲ್ಲೆಯಾದದ್ದು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಪಟ್ಟಣದ ಹೆಸರು ರಾಮನಗರವಾಗಿಯೇ ಉಳಿಯಿತು. ‘ಬೆಂಗಳೂರು ದಕ್ಷಿಣ’ವೆಂಬ ಲೋಕಸಭಾ ಕ್ಷೇತ್ರ ಮೊದಲೇ ಇತ್ತು, ಈ ನಾಲ್ಕೂ ಊರುಗಳು ಅದರಲ್ಲಿಲ್ಲ, ‘ಬೆಂಗಳೂರು ಗ್ರಾಮಾಂತರ’ ಕ್ಷೇತ್ರದಲ್ಲಿವೆ. ಇಂಥ ಕಡೆ ‘ಹೆಸರು ಉಂಟೇ?’ ಎಂದು ಕೇಳಿದರೆ ಸಾಲದು. ‘ಯಾವ ಪಟ್ಟಿಯ ಹೆಸರು?’ ಎಂದೂ ಕೇಳಬೇಕು. ಹೆಸರಿನೊಡನೆ ಅದರ ಬೆಲೆಯನ್ನೂ ಜೋಡಿಸಿ ನೋಡುವ ರಸ್ಟಿನ ಕ್ರಮದಲ್ಲಿ ಈ ವಿವೇಕದ ಒಂದಂಶವಿದೆ.

ಇದರಿಂದ ಚರಿತ್ರೆ ಬರೆಯುವವರು ಕಲಿಯಬೇಕಾದ ಪಾಠವೊಂದಿದೆಯೆಂದು ನನ್ನ ನಂಬಿಕೆ. ಇಂದು ಶಾಸನಗಳೂ ಗ್ಯಾಸೆಟಿಯರುಗಳೂ ಜಮೀನಿನ ಕಾಗದಗಳೂ ಒಂದೊಂದಾಗಿ ಯಂತ್ರದೊಳಕ್ಕೆ ಹೋಗುತ್ತಿವೆ. ಮುಂದಿನವರು ಅವುಗಳನ್ನು ಪುಟ ತಿರುವಿ ಓದುವುದಿಲ್ಲ. ಹೆಸರು ಕೊಟ್ಟು ಕೇಳುತ್ತಾರೆ. ಹಳೆಯ ಗ್ರಂಥಪಾಲಕನಾದರೆ ‘ರಾಮನಗರವೇ? ಕ್ಲೋಸ್‌ಪೇಟೆಯಲ್ಲಿ ನೋಡಿ’ ಎನ್ನುತ್ತಿದ್ದನು. ಯಂತ್ರವೂ ಹಾಗೆನ್ನಬೇಕಾದರೆ, ಬದಲಾದ ಹೆಸರುಗಳ ಪಟ್ಟಿಯನ್ನು—ಯಾವ ಊರು, ಯಾವಾಗ, ಏನೇನಾಗಿತ್ತು ಎಂಬುದನ್ನು—ಬಲ್ಲವರು ಬದುಕಿರುವಾಗಲೇ ಬರೆದಿಡಬೇಕು. ಊರಿಗೆ ಹೊಸ ಹೆಸರಿಡುವ ಸರಕಾರದ ಆಜ್ಞೆಯಷ್ಟೇ ಮುಖ್ಯವಾದದ್ದು ಹಳೆಯ ಹೆಸರನ್ನು ಪಟ್ಟಿಯಿಂದ ತೆಗೆಯದಿರುವುದು. ಕಾನಕಾನಹಳ್ಳಿಯೆಂದು ಕೇಳಿದವನಿಗೆ ‘ಇಲ್ಲ’ವೆನ್ನುವ ಪುಸ್ತಕಕ್ಕಿಂತ, ‘ಕನಕಪುರವೆಂದಿರಾ?’ ಎಂದು ಮರುಪ್ರಶ್ನೆ ಹಾಕುವ ಪುಸ್ತಕ ಎಷ್ಟೋ ಮೇಲು.